ಆಸ್ಪತ್ರೆಯಿಂದ ಮನೆಗೆ ಪುಟ್ಟ ಮಗುವಿನ ಮೊದಲ ಕಾರ್ ಪ್ರಯಾಣ: ಕಾರ್ ಸೀಟ್ ಆರಿಸೋದು, ಕಟ್ಟೋದು, ಕೂರಿಸೋದು

ಡಿಸ್ಚಾರ್ಜ್ ದಿನ ಆಸ್ಪತ್ರೆ ಪಾರ್ಕಿಂಗ್‌ನಲ್ಲಿ ಕಾರ್ ಸೀಟಿನ ಡಬ್ಬ ಬಿಚ್ಕೊಂಡು, ಒಂದ್ ಕೈಲಿ ಮ್ಯಾನುಯಲ್ ಇನ್ನೊಂದ್ ಕೈಲಿ ಬೆಲ್ಟ್ ಹಿಡ್ಕೊಂಡು ಬೆವರ್ತಾ ನಿಂತಿರೋ ಅಪ್ಪಂದಿರು ಎಲ್ಲಾ ಕಡೆ ಸಿಗ್ತಾರೆ. ಮಗು ಅಳ್ತಿರತ್ತೆ, ತಾಯಿಗೆ ನಿಲ್ಲೋಕಾಗ್ತಿರಲ್ಲ, ಹಿಂದಿನ ಕಾರಿನವರು ಹಾರ್ನ್ ಮೇಲೆ ಹಾರ್ನ್, ಆ ಗಡಿಬಿಡೀಲಿ ಎಂಥಾ ಬುದ್ಧಿವಂತರಿಗೂ ತಲೆ ಓಡಲ್ಲ. ಅದಕ್ಕೇ ಇಲ್ಲಿ ಬರೆದಿರೋದ್ರಲ್ಲಿ ಮುಕ್ಕಾಲು ಭಾಗ ಹೆರಿಗೆಗೆ ಮುಂಚೆನೇ ಮುಗಿಸಬೇಕಾದ ಕೆಲಸ. ಡೇಟ್‌ಗೆ ಮೂರ್ನಾಲ್ಕು ವಾರ ಇರೋವಾಗ್ಲೇ ಸೀಟು ಕಾರಲ್ಲಿ ಕೂತಿರಲಿ, ಮಕ್ಕಳು ಕ್ಯಾಲೆಂಡರ್ ನೋಡ್ಕೊಂಡು ಹುಟ್ಟಲ್ಲ.

ಇನ್ನೊಂದ್ ಮಾತು ಮೊದಲೇ ಹೇಳಿಬಿಡ್ತೀನಿ. ಯಾವ ಸೀಟು ತಗೊಳ್ಳೋದು ಅಂತ ಜನ ತಿಂಗಳುಗಟ್ಟಲೆ ವಿಡಿಯೋ ನೋಡ್ತಾರೆ, ತಂದ ಸೀಟನ್ನ ಹತ್ತೇ ನಿಮಿಷದಲ್ಲಿ ಸಿಕ್ಕಿಸಿ ಆಯ್ತು ಅಂತ ಕೈ ತೊಳ್ಕೊತಾರೆ. ನನ್ನ ಪ್ರಕಾರ ಅದು ಪೂರ್ತಿ ಉಲ್ಟಾ. ಸ್ಟ್ಯಾಂಡರ್ಡ್ ಪಾಸಾಗಿರೋ ಸಾಧಾರಣ ಸೀಟನ್ನ ಸರಿಯಾಗಿ ಬಿಗಿದು ಹಾಕಿದ್ರೆ ಸಾಕು, ಸಡಿಲವಾಗಿ ಕೂತಿರೋ ದುಬಾರಿ ಸೀಟಿಗಿಂತ ಅದು ಎಷ್ಟೋ ವಾಸಿ.

ಮಡಿಲಲ್ಲಿ ಇಟ್ಕೊಂಡ್ರೆ ಯಾಕಾಗಲ್ಲ

ಮನೇಲಿ ಹಿರಿಯರು ಯಾರಾದ್ರೂ ಕೇಳೇ ಕೇಳ್ತಾರೆ, ಇಷ್ಟ್ ಪುಟ್ಟ ಕೂಸನ್ನ ಆ ಪ್ಲಾಸ್ಟಿಕ್ ಬುಟ್ಟೀಲಿ ಕಟ್ಟಿಹಾಕ್ತೀರಾ, ನಾನೇ ಗಟ್ಟಿಯಾಗಿ ಹಿಡ್ಕೊತೀನಿ ಕೊಡಿ ಅಂತ. ಪ್ರೀತಿಯಿಂದ ಕೇಳೋದು, ಆದ್ರೆ ಲೆಕ್ಕ ನೋಡಿ. ಗಂಟೆಗೆ 50 ಕಿಮೀ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಹೋಗ್ತಿರೋ ಕಾರು ಏನಕ್ಕಾದ್ರೂ ಗುದ್ದಿ, ಮುಂಭಾಗ ಅರ್ಧ ಮೀಟರ್ ನಜ್ಜುಗುಜ್ಜಾಗಿ ನಿಲ್ತು ಅಂದ್ಕೊಳ್ಳಿ, ಒಳಗಿರೋ ಎಲ್ಲದರ ಮೇಲೂ ಗುರುತ್ವಾಕರ್ಷಣೆಯ ಸುಮಾರು 20 ಪಟ್ಟು ಬಲ ಬೀಳತ್ತೆ. ಅಂದ್ರೆ 3 ಕೆಜಿ ಮಗು ಆ ಕ್ಷಣಕ್ಕೆ ನಿಮ್ಮ ಕೈಗೆ 60 ಕೆಜಿ ಭಾರ, ಅದೂ ಕಣ್ಣು ಮಿಟುಕಿಸೋದ್ರೊಳಗೆ. ಯಾರ ಕೈಗೂ ಅದು ನಿಲ್ಲಲ್ಲ. ದೊಡ್ಡೋರು ಮತ್ತೆ ಮಗು ಇಬ್ಬರಿಗೂ ಸೇರಿ ಒಂದೇ ಬೆಲ್ಟ್ ಹಾಕ್ಕೊಳ್ಳೋದು ಇನ್ನೂ ಕೆಟ್ಟದ್ದು, ದೊಡ್ಡೋರ ಭಾರವೆಲ್ಲ ಮಗು ಮೇಲೆ ಬಿದ್ದು ಬೆಲ್ಟಿಗೂ ಅವರಿಗೂ ನಡುವೆ ಮಗು ಅಪ್ಪಚ್ಚಿ ಆಗತ್ತೆ. ಎದೆಗೆ ಕಟ್ಕೊಳ್ಳೋ ಬೇಬಿ ಕ್ಯಾರಿಯರ್‌ಗೂ ಇದೇ ಮಾತು, ಅದು ನಡೆಯೋವಾಗ ಹಾಕ್ಕೊಳ್ಳೋಕೆ, ಕಾರಿಗಲ್ಲ.

ಮುಖ ಹಿಂದಕ್ಕೇ ಇರಬೇಕು

ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದಲ್ಲಿ ಸುಮಾರು ಕಾಲು ಭಾಗ ಇರತ್ತೆ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ, ಸ್ನಾಯು ಅಂತೂ ತಲೆ ಎತ್ತೋಕೂ ಸಾಲಲ್ಲ. ಮುಂದೆ ಮುಖ ಮಾಡಿ ಕೂರಿಸಿದ್ರೆ ಗುದ್ದಿದಾಗ ಮೈ ಬೆಲ್ಟಲ್ಲಿ ನಿಲ್ಲತ್ತೆ, ತಲೆ ಮಾತ್ರ ಮುಂದಕ್ಕೆ ಎಸೆದ ಹಾಗೆ ಹೋಗತ್ತೆ, ಆ ಎಳೆತ ಎಲ್ಲ ಕತ್ತಿನ ಮೇಲೆ. ಮುಖ ಹಿಂದಕ್ಕಿದ್ರೆ, ಅಂದ್ರೆ ಮಗು ಕಾರಿನ ಹಿಂದಿನ ಗಾಜು ನೋಡೋ ಹಾಗೆ ಕೂತಿದ್ರೆ, ತಲೆ ಕತ್ತು ಬೆನ್ನು ಮೂರೂ ಒಟ್ಟಿಗೆ ಸೀಟಿನ ಗಟ್ಟಿ ಬೆನ್ನಿಗೆ ಒತ್ಕೊಂಡು ಪೆಟ್ಟು ಹಂಚಿಹೋಗತ್ತೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥಾ ಮೊದಲ ಸೀಟು ಮಾಡಿ ಟೆಸ್ಟ್ ಮಾಡಿದಾಗ ಐಡಿಯಾ ಬಂದಿದ್ದು ಎಲ್ಲಿಂದ ಗೊತ್ತಾ, ರಾಕೆಟ್ ಮೇಲೇರೋವಾಗ ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗೋ ಸೀಟಿಂದ. ಹೀಗಾಗಿ ಹೊಸದಾಗಿ ಹುಟ್ಟಿದ ಮಗುವಿಗೆ ಇದ್ರಲ್ಲಿ ಆಯ್ಕೆ ಅನ್ನೋದೇ ಇಲ್ಲ, ಹಿಂದಕ್ಕೇ ಮುಖ, ಪ್ರತೀ ಸಲ.

ಹಂತ 1: ಸೀಟು ಆರಿಸೋದು

ಹುಟ್ಟಿದ ದಿನದಿಂದ ಹಾಕ್ಬಹುದಾದ ಸೀಟಲ್ಲಿ ಎರಡು ಜಾತಿ. ಒಂದು ಹಿಡಿ ಇರೋ ಇನ್‌ಫೆಂಟ್ ಕ್ಯಾರಿಯರ್, ಕಾರಲ್ಲಿ ಒಂದು ಬೇಸ್ ಕೂತಿರತ್ತೆ, ಸೀಟನ್ನ ಮಗು ಸಮೇತ ಟಕ್ ಅಂತ ಸಿಕ್ಕಿಸಬಹುದು ತೆಗೀಬಹುದು. ಇನ್ನೊಂದು ಕನ್ವರ್ಟಿಬಲ್, ಕಾರಲ್ಲೇ ಪರ್ಮನೆಂಟಾಗಿ ಇರತ್ತೆ, ಮೊದಲು ಹಿಂದಕ್ಕೆ ಆಮೇಲೆ ಮಗು ದೊಡ್ಡದಾದ್ಮೇಲೆ ಮುಂದಕ್ಕೆ ತಿರುಗಿಸಬಹುದು, ಹಲವು ವರ್ಷ ಬಾಳಿಕೆ ಬರತ್ತೆ. ಕ್ಯಾರಿಯರ್ ಸಾಮಾನ್ಯವಾಗಿ ಪುಟ್ಟ ಮೈಗೆ ಚೆನ್ನಾಗಿ ಹೊಂದತ್ತೆ, ಆದ್ರೆ ವರ್ಷದ ಆಸುಪಾಸಲ್ಲೇ ಚಿಕ್ಕದಾಗಿಬಿಡತ್ತೆ. ಕನ್ವರ್ಟಿಬಲ್ ತಗೊಳ್ಳೋದಾದ್ರೆ ಒಂದೇ ಒಂದು ವಿಷಯ ಗಟ್ಟಿಯಾಗಿ ನೋಡಿ, ಹಾರ್ನೆಸ್ ಅಂದ್ರೆ ಮಗುವನ್ನ ಕಟ್ಟೋ ಪಟ್ಟಿ ಅತೀ ಕೆಳಗಿನ ತೂತಲ್ಲಿದ್ದಾಗ ಎಷ್ಟು ಎತ್ತರದಲ್ಲಿರತ್ತೆ ಅಂತ. ಹಿಂದಕ್ಕೆ ಮುಖ ಮಾಡಿ ಕೂತ ಮಗುವಿಗೆ ಆ ಪಟ್ಟಿ ಭುಜದ ಸಮಕ್ಕೆ ಇಲ್ಲಾ ಸ್ವಲ್ಪ ಕೆಳಗಿಂದ ಬರಬೇಕು. ಎಷ್ಟೋ ದೊಡ್ಡ ಸೀಟಲ್ಲಿ ಅದು ಕೂಸಿನ ಕಿವಿ ಹತ್ರ ಇರತ್ತೆ, ಡಬ್ಬದ ಮೇಲೆ ಹುಟ್ಟಿದ ದಿನದಿಂದ ಅಂತ ಬರೆದಿದ್ರೂ.

ಕನಿಷ್ಠ ತೂಕ ಎಷ್ಟು ಅಂತನೂ ಲೇಬಲ್ ನೋಡಿ. ಕೆಲವು 1.8 ಕೆಜಿಯಿಂದ, ಕೆಲವು 2.3 ಕೆಜಿಯಿಂದ ಶುರು. ಸ್ಕ್ಯಾನಿಂಗಲ್ಲಿ ಮಗು ಸಣ್ಣ ಇದೆ ಅಂದಿದ್ರೆ, ಅವಳಿ ಮಕ್ಕಳಾಗಿದ್ರೆ ಈ ಸಂಖ್ಯೆ ನಿಮಗೆ ಬಹಳ ಮುಖ್ಯ.

ಸ್ಟ್ಯಾಂಡರ್ಡ್ ವಿಷಯ: ಸೀಟಿನ ಮೇಲೇ ಒಂದು ಸ್ಟಿಕ್ಕರ್ ಇರತ್ತೆ. ವಿಶ್ವಸಂಸ್ಥೆ ನಿಯಮದ ಪ್ರಕಾರದ್ದಾದ್ರೆ ಆರ್129 ಅಥವಾ ಹಳೇ ಆರ್44/04 ಅಂತ ಇರತ್ತೆ, ಅಮೆರಿಕದ್ದಾದ್ರೆ ಎಫ್‌ಎಂವಿಎಸ್‌ಎಸ್ 213. ಆರ್44 ತೂಕದ ಲೆಕ್ಕದಲ್ಲಿ ನಡೆಯತ್ತೆ, ಗ್ರೂಪ್ 0+ ಅಂದ್ರೆ 13 ಕೆಜಿ ತನಕ. ಆರ್129 ಎತ್ತರದ ಲೆಕ್ಕ, ಪಕ್ಕದಿಂದ ಗುದ್ದಿದ್ರೆ ಏನಾಗತ್ತೆ ಅನ್ನೋ ಟೆಸ್ಟೂ ಅದ್ರಲ್ಲಿದೆ, ಮಗುವಿಗೆ 15 ತಿಂಗಳು ದಾಟೋ ತನಕ ಹಿಂದಕ್ಕೇ ಮುಖ ಅಂತ ಕಡ್ಡಾಯನೂ ಮಾಡಿದೆ. ಯಾವ ನಂಬರೂ ಇಲ್ಲದ, ಬರೀ ಬಟ್ಟೆ ಪಟ್ಟಿ ಹೊಲ್ದು ಕಾರಿನ ಸೀಟಿಗೆ ಕಟ್ಟೋ ಥರದ್ದು ಆನ್‌ಲೈನಲ್ಲಿ ಕಡಿಮೆಗೆ ಸಿಗತ್ತೆ, ದಯವಿಟ್ಟು ಆ ಕಡೆ ನೋಡಲೂಬೇಡಿ.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಅಕ್ಕನೋ ತಮ್ಮನೋ ಕೊಡ್ತಿದ್ದಾರೆ, ಅದು ಯಾವತ್ತೂ ಆಕ್ಸಿಡೆಂಟಲ್ಲಿ ಇರ್ಲಿಲ್ಲ ಅಂತ ಅವರ ಬಾಯಿಂದನೇ ಗೊತ್ತು, ಮ್ಯಾನುಯಲ್ ಇದೆ, ಭಾಗ ಎಲ್ಲ ಇದೆ, ಎಕ್ಸ್‌ಪೈರಿ ಆಗಿಲ್ಲ ಅಂದ್ರೆ ತಗೊಳ್ಳಿ, ಏನೂ ತೊಂದ್ರೆ ಇಲ್ಲ. ಗುರುತೇ ಇಲ್ಲದವರ ಹತ್ರ ಬೇಡ, ಪ್ಲಾಸ್ಟಿಕ್ ಒಳಗೆ ಬಿಟ್ಟ ಸಣ್ಣ ಬಿರುಕು ಕಣ್ಣಿಗೆ ಕಾಣಲ್ಲ. ಹೌದು, ಕಾರ್ ಸೀಟಿಗೂ ಎಕ್ಸ್‌ಪೈರಿ ಇರತ್ತೆ, ಎಷ್ಟೋ ಕಂಪನಿಗಳು ತಯಾರಾದ ದಿನದಿಂದ 6ರಿಂದ 10 ವರ್ಷ ಅಂತ ಕೊಟ್ಟಿರ್ತಾರೆ, ಸೀಟಿನ ತಳದಲ್ಲೋ ಬೆನ್ನಲ್ಲೋ ಅಚ್ಚು ಹಾಕಿರ್ತಾರೆ.

ಸಾಧ್ಯ ಆದ್ರೆ ಕೊಳ್ಳೋ ಮುಂಚೆ ನಿಮ್ಮ ಕಾರಲ್ಲಿ ಇಟ್ಟು ನೋಡಿ. ಸಣ್ಣ ಕಾರಾದ್ರೆ ಹಿಂದಕ್ಕೆ ಮುಖ ಮಾಡಿದ ಸೀಟು ಜಾಸ್ತಿ ಜಾಗ ತಿನ್ನತ್ತೆ, ಮುಂದೆ ಕೂರೋರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗತ್ತೆ.

ಹಂತ 2: ಎಲ್ಲಿ ಇಡೋದು

ಹಿಂದಿನ ಸೀಟಲ್ಲಿ. ಮುಂದೆ ಏರ್‌ಬ್ಯಾಗ್ ಆನ್ ಇರೋ ಕಡೆ ಹಿಂಮುಖದ ಸೀಟು ಇಡೋದು ಅಂದ್ರೆ ಮಗುವಿನ ತಲೆ ಹಿಂದೆ ಸ್ಫೋಟಕ ಇಟ್ಟ ಹಾಗೆ, ಏರ್‌ಬ್ಯಾಗ್ ಬಿಚ್ಕೊಳ್ಳೋ ರಭಸಕ್ಕೆ ಮಗು ಜೀವನೇ ಹೋಗಬಹುದು. ಸನ್ ವೈಸರ್ ಮೇಲಿನ ಎಚ್ಚರಿಕೆ ಚಿತ್ರ ಇದಕ್ಕೇ ಇರೋದು.

ಹಿಂದೆ ಮೂರು ಜಾಗದಲ್ಲಿ ನಡುವಿನದ್ದು ಬಾಗಿಲಿಂದ ದೂರ, ಆ ಲೆಕ್ಕದಲ್ಲಿ ಒಳ್ಳೇದು, ಆದ್ರೆ ಸುಮಾರು ಕಾರಲ್ಲಿ ನಡುವೆ ಉಬ್ಬಿರತ್ತೆ, ಐಸೋಫಿಕ್ಸ್ (ಬೆಲ್ಟ್ ಇಲ್ದೆ ಸೀಟನ್ನ ನೇರ ಕಾರಿಗೇ ಸಿಕ್ಕಿಸೋ) ಕೊಂಡಿ ಇರಲ್ಲ, ಸೀಟು ಗಟ್ಟಿ ಕೂರಲ್ಲ. ಹಾಗಿದ್ರೆ ಪಕ್ಕದಲ್ಲಿ ಗಟ್ಟಿಯಾಗಿ ಕೂರೋದೇ ಸರಿ. ಪಕ್ಕದಲ್ಲಿ ಅಂದ್ರೆ ಫುಟ್‌ಪಾತ್ ಕಡೆ ಬರೋ ಬಾಗಿಲು ಆರಿಸಿ, ಟ್ರಾಫಿಕ್ ಕಡೆ ನಿಂತು ಮಗು ಇಳಿಸೋ ಪಾಡು ತಪ್ಪತ್ತೆ.

ಹಂತ 3: ಕಟ್ಟೋದು

ಎರಡು ಪುಸ್ತಕ ಬೇಕು, ಸೀಟಿಂದು ಮತ್ತೆ ಕಾರಿಂದು. ಎರಡರಲ್ಲೂ ಚೈಲ್ಡ್ ಸೀಟ್ ಪುಟ ಓದಿ. ಬೋರು, ಒಪ್ಕೊತೀನಿ, ಆದ್ರೆ ಸುಮಾರು ಡೌಟಿಗೆ ಉತ್ತರ ಅಲ್ಲೇ ಸಿಗತ್ತೆ. ಕಾರು ಸಮತಟ್ಟಾದ ಜಾಗದಲ್ಲಿ ನಿಲ್ಸಿ, ಇಳಿಜಾರಲ್ಲಿದ್ರೆ ಸೀಟಿನ ಒರಗು ಲೆಕ್ಕ ತಪ್ಪತ್ತೆ.

ಐಸೋಫಿಕ್ಸ್ ಇದ್ರೆ: ಹಿಂದಿನ ಸೀಟಿನ ಬೆನ್ನೂ ತಳವೂ ಸೇರೋ ಸಂದೀಲಿ ಕೈ ಹಾಕಿ, ಎರಡು ಕಬ್ಬಿಣದ ಬಳೆ ಸಿಗತ್ತೆ. ಬೇಸಿನ ತೋಳು ಎರಡನ್ನೂ ಅದಕ್ಕೆ ಒತ್ತಿ, ಎರಡೂ ಕಡೆ ಕ್ಲಿಕ್ ಅನ್ನಬೇಕು, ಇಂಡಿಕೇಟರ್ ಎರಡೂ ಹಸಿರಾಗಬೇಕು. ಒಂದೇ ಹಸಿರು ಅಂದ್ರೆ ಕೂತಿಲ್ಲ. ಮುಂದಕ್ಕೆ ಚಾಚೋ ಸಪೋರ್ಟ್ ಲೆಗ್ ಇದ್ರೆ ಅದರ ಪಾದ ಕಾರಿನ ನೆಲಕ್ಕೆ ಪೂರ್ತಿ ಊರಿರಬೇಕು, ಗಾಳೀಲಿ ನೇತಾಡಬಾರದು, ಬೇಸನ್ನ ಮೇಲಕ್ಕೆ ಎತ್ತಲೂಬಾರದು. ಕೆಲವು ಕಾರಲ್ಲಿ ಕಾಲಿಡೋ ಜಾಗದ ನೆಲದ ಕೆಳಗೆ ಸಾಮಾನು ಇಡೋ ಗೂಡು ಇರತ್ತೆ, ಅದರ ಮುಚ್ಚಳದ ಮೇಲೆ ಈ ಕಾಲು ನಿಲ್ಲಿಸೋ ಹಾಗಿಲ್ಲ, ಗುದ್ದಿದಾಗ ಆ ಮುಚ್ಚಳ ಕುಸಿಯತ್ತೆ. ಕಾರಿನ ಪುಸ್ತಕ ಓದಿ ಅಂದಿದ್ದು ಇಂಥದ್ದಕ್ಕೇ.

ಕಾರಿನ ಬೆಲ್ಟಿಂದ ಕಟ್ಟೋದಾದ್ರೆ: ಸೀಟಿನ ಮೇಲೆ ಬೆಲ್ಟ್ ಹೋಗೋ ದಾರಿ ಗುರುತು ಮಾಡಿರ್ತಾರೆ, ಹಿಂಮುಖಕ್ಕೆ ಸುಮಾರು ಸೀಟಲ್ಲಿ ನೀಲಿ ಬಣ್ಣ. ಅದೇ ದಾರೀಲಿ ಹೋಗಬೇಕು, ಎಲ್ಲೂ ತಿರುಚಬಾರದು. ಬಕಲ್ ಹಾಕಿದ್ಮೇಲೆ ಬೆಲ್ಟ್ ಲಾಕ್ ಆಗೋದು ಮುಖ್ಯ, ಕೆಲವು ಕಾರಲ್ಲಿ ಬೆಲ್ಟನ್ನ ಪೂರ್ತಿ ಹೊರಗೆಳೆದು ಬಿಟ್ರೆ ಕಟಕಟ ಅಂತ ಲಾಕಾಗ್ತಾ ಒಳಗೆ ಹೋಗತ್ತೆ, ಇಲ್ಲಾಂದ್ರೆ ಸೀಟಲ್ಲೇ ಒಂದು ಲಾಕ್ ಕ್ಲಿಪ್ ಇರತ್ತೆ. ಈಗ ಸೀಟಿನ ಮೇಲೆ ಕೈ ಊರಿ ಮೈ ಭಾರ ಹಾಕಿ ಒತ್ಕೊಂಡು ಇನ್ನೊಂದ್ ಕೈಲಿ ಬೆಲ್ಟ್ ಎಳೀರಿ, ಇಬ್ಬರಿದ್ರೆ ಸಲೀಸು. ಐಸೋಫಿಕ್ಸೂ ಬೆಲ್ಟೂ ಎರಡೂ ಹಾಕಿದ್ರೆ ಡಬಲ್ ಸೇಫ್ಟಿ ಅಲ್ವಾ ಅಂತ ಕೇಳ್ತಾರೆ, ಅಲ್ಲ, ಮ್ಯಾನುಯಲ್ ಹೇಳದ ಹೊರತು ಯಾವುದಾದ್ರೂ ಒಂದೇ.

ಇನ್ನು ಎರಡು ಟೆಸ್ಟ್, ಇವನ್ನ ಬಿಡಬೇಡಿ. ಮೊದಲನೇದು ಅಲ್ಲಾಡೋ ಟೆಸ್ಟ್. ಬೆಲ್ಟ್ ಇಲ್ಲಾ ಕೊಂಡಿ ಇರೋ ಜಾಗದಲ್ಲೇ ಸೀಟನ್ನ ಹಿಡಿದು, ಶೇಕ್‌ಹ್ಯಾಂಡ್ ಕೊಡೋವಷ್ಟು ಬಲದಲ್ಲಿ ಪಕ್ಕಕ್ಕೆ, ಹಿಂದೆ ಮುಂದೆ ಎಳೀರಿ, 2.5 ಸೆಂಟಿಮೀಟರಿಗಿಂತ ಜಾಸ್ತಿ ಸರಿಯಬಾರದು. ಮಗುವಿನ ತಲೆ ಕಡೆ ತುದಿ ಹಿಡಿದು ಅಲ್ಲಾಡಿಸಿ ಅಯ್ಯೋ ಅಲ್ಲಾಡ್ತಿದೆ ಅಂತ ಗಾಬರಿ ಆಗ್ಬೇಡಿ, ಹಿಂಮುಖದ ಸೀಟಲ್ಲಿ ಆ ತುದಿ ಸ್ವಲ್ಪ ಆಡೋದು ಸಹಜ.

ಎರಡನೇದು ಒರಗು. ಇದು ಹುಟ್ಟಿದ ಮಗುವಿಗೆ ಉಸಿರಿನ ಪ್ರಶ್ನೆ. ಸೀಟು ತುಂಬಾ ನೆಟ್ಟಗಿದ್ರೆ ಮಗು ನಿದ್ದೆ ಮಾಡಿದಾಗ ತಲೆ ಮುಂದಕ್ಕೆ ಬಿದ್ದು ಗಲ್ಲ ಎದೆಗೆ ಅಂಟ್ಕೊಳತ್ತೆ, ಎಳೇ ಶ್ವಾಸನಾಳ ಮಡಚ್ಕೊಳತ್ತೆ, ಸದ್ದೇ ಇಲ್ದೆ ಉಸಿರು ನಿಲ್ಲಬಹುದು. ತುಂಬಾ ಮಲಗಿದ ಹಾಗಿದ್ರೆ ಪೆಟ್ಟಾದಾಗ ಮಗು ಮೇಲಕ್ಕೆ ಜಾರತ್ತೆ. ನವಜಾತ ಮಗುವಿಗೆ ಸಾಮಾನ್ಯವಾಗಿ 45 ಡಿಗ್ರಿ ಆಸುಪಾಸು, ಆದ್ರೆ ನೀವು ಕೋನಮಾಪಕ ತರಬೇಕಿಲ್ಲ, ಸೀಟಿನ ಪಕ್ಕದಲ್ಲಿ ಗೆರೆನೋ ನೀರುಗುಳ್ಳೆನೋ ಇರತ್ತೆ, ಪುಟ್ಟ ಮಗುವಿನ ಗುರುತಿಗೆ ಅದು ಬರಬೇಕು. ಕೆಲವು ಸೀಟಿಗೆ ತಳದಲ್ಲಿ ಅಡ್ಜಸ್ಟ್ ಮಾಡೋ ಕಾಲಿದೆ, ಇಲ್ಲದಿದ್ರೆ ಮ್ಯಾನುಯಲ್ ಒಪ್ಪಿದ್ರೆ ಮಾತ್ರ ಟವೆಲ್ ಸುತ್ತಿ ಕೆಳಗೆ ಇಡಬಹುದು.

ಹಂತ 4: ಗೊಂಬೆ ಇಟ್ಟು ರಿಹರ್ಸಲ್

ನಗಬೇಡಿ. ಒಂದು ಗೊಂಬೆ ಇಟ್ಟು ಗಂಡ ಹೆಂಡತಿ ಇಬ್ಬರೂ ಬಕಲ್ ಹಾಕಿ ಬಿಚ್ಚಿ ಪ್ರಾಕ್ಟೀಸ್ ಮಾಡಿ. ಮಕ್ಕಳ ಬಕಲ್ ಬೇಕಂತಲೇ ಗಟ್ಟಿಯಾಗಿ ಮಾಡಿರ್ತಾರೆ. ಪಟ್ಟಿ ಸಡಿಲ ಮಾಡೋ ಗುಂಡಿ ಎಲ್ಲಿ, ಬಿಗಿ ಮಾಡೋ ಬಾಲ ಯಾವುದು, ಹಿಡಿ ಯಾವ ಪೊಸಿಷನ್ನಲ್ಲಿ ಇಟ್ಟು ಕಾರು ಓಡಿಸಬೇಕು (ಇದು ಒಂದೊಂದು ಸೀಟಿಗೆ ಒಂದೊಂದು ಥರ), ಕ್ಯಾರಿಯರನ್ನ ಬೇಸಿಂದ ತೆಗೆಯೋ ಲಿವರ್ ಯಾವುದು, ಎಲ್ಲಾ ಕೈಗೆ ಅಭ್ಯಾಸ ಆಗಿರಲಿ. ಹಾರ್ನೆಸ್ಸನ್ನ ಅತೀ ಕೆಳಗಿನ ತೂತಿಗೂ ಇವತ್ತೇ ಇಳಿಸಿಡಿ, ಅದು ಸುಮಾರು ಸೀಟಲ್ಲಿ ಹಿಂದಿನಿಂದ ಬಿಚ್ಚಿ ಪೋಣಿಸೋ ಕೆಲಸ.

ಹಂತ 5: ಡಿಸ್ಚಾರ್ಜ್ ದಿನ, ಮಗುವನ್ನ ಕೂರಿಸೋದು

ಕ್ಯಾರಿಯರ್ ಆದ್ರೆ ರೂಮಿಗೇ ತರಿಸ್ಕೊಂಡು ಅಲ್ಲೇ ನೆಲದ ಮೇಲಿಟ್ಟು ನಿಧಾನಕ್ಕೆ ಕೂರಿಸಿ. ಮಂಚದ ಮೇಲೆ, ಟೇಬಲ್ ಮೇಲೆ ಇಡಬೇಡಿ, ಉರುಳತ್ತೆ. ಹೊರಡೋ ಮುಂಚೆ ಹಾಲು ಕುಡಿಸಿ, ತೇಗಿಸಿ, ಡೈಪರ್ ಬದಲಾಯಿಸಿ.

ಮಗುವಿಗೆ ಹಾಕೋದು ಕಾಲು ಬೇರೆ ಬೇರೆ ಇರೋ ತೆಳು ಬಟ್ಟೆ. ಮಗುವನ್ನ ಬಟ್ಟೇಲಿ ಸುತ್ತಿ ಪೊಟ್ಟಣ ಮಾಡಿ ಸೀಟಲ್ಲಿ ಇಟ್ರೆ ತೊಡೆ ನಡುವಿನ ಪಟ್ಟಿ ಹಾಕೋಕೇ ಬರಲ್ಲ. ಫೋಟೋಗೆ ಅಂತ ತಂದ ದಪ್ಪ ಜಾಕೆಟ್ ಇದೆಯಲ್ಲ, ಅದು ಬೇಡ. ದಪ್ಪ ಬಟ್ಟೆ ಒಳಗಿನ ಗಾಳಿ ಗುದ್ದಿದಾಗ ಚಪ್ಪಟೆ ಆಗತ್ತೆ, ಬಿಗಿ ಅಂದ್ಕೊಂಡಿದ್ದ ಪಟ್ಟಿ ಆ ಕ್ಷಣಕ್ಕೆ ಸಡಿಲ. ಚಳಿ ಇದ್ರೆ ಮೊದಲು ಕಟ್ಟಿ, ಆಮೇಲೆ ಪಟ್ಟಿ ಮೇಲಿಂದ ಕಂಬಳಿ ಹೊದಿಸಿ, ಮುಖ ಬಿಟ್ಟು. ಹಿಂಭಾಗದಲ್ಲಿ ಗಂಟೋ ದಪ್ಪ ಮಡಿಕೆನೋ ಇರೋ ಟೋಪಿನೂ ತಲೇನ ಮುಂದಕ್ಕೆ ತಳ್ಳತ್ತೆ, ತೆಗೆದಿಡಿ.

ಕೂರಿಸೋ ಕ್ರಮ:

1. ಪಟ್ಟಿ ಪೂರ್ತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ.
2. ಮಗುವಿನ ಕುಂಡೆ ಸೀಟಿನ ಮೂಲೆಗೆ ತಾಗೋ ಹಾಗೆ, ಬೆನ್ನು ಪೂರ್ತಿ ಒರಗೋ ಹಾಗೆ ಕೂರಿಸಿ. ಕಷ್ಟ ಇರೋದೇ ಇಲ್ಲಿ, ಕೂಸು ಜಾರಿ ಉಂಡೆ ಆಗ್ತಾನೇ ಇರತ್ತೆ, ಮತ್ತೆ ಮೇಲಕ್ಕೆ ಎತ್ತಿ.
3. ಪಟ್ಟಿ ಭುಜದ ಮೇಲೆ ತಂದು, ತಿರುಚಿದ್ಯಾ ನೋಡಿ, ಬಕಲ್ ಕ್ಲಿಕ್.
4. ಮೊದಲು ಸೊಂಟದ ಹತ್ರದ ಸಡಿಲ ಎಳೀರಿ, ಆಮೇಲೆ ಬಾಲ ಎಳೆದು ಭುಜದ್ದು. ಉಲ್ಟಾ ಮಾಡಿದ್ರೆ ಕೆಳಗೆ ಸಡಿಲ ಉಳ್ಕೊಳತ್ತೆ.
5. ಚಿವುಟೋ ಟೆಸ್ಟ್: ಭುಜದ ಮೂಳೆ ಹತ್ರ ಪಟ್ಟಿಯನ್ನ ಉದ್ದುದ್ದಕ್ಕೆ ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ. ಬೆರಳ ನಡುವೆ ಮಡಿಕೆ ಸಿಕ್ರೆ ಇನ್ನೂ ಸಡಿಲ, ಬೆರಳು ಜಾರಿದ್ರೆ ಸರಿ.
6. ಚೆಸ್ಟ್ ಕ್ಲಿಪ್ ಇರೋ ಸೀಟಾದ್ರೆ ಅದು ಕಂಕುಳ ಮಟ್ಟಕ್ಕೆ. ಹೊಟ್ಟೆ ಮೇಲೂ ಅಲ್ಲ, ಕತ್ತಿನ ಹತ್ರನೂ ಅಲ್ಲ. ಎಷ್ಟೋ ಸೀಟಲ್ಲಿ ಈ ಕ್ಲಿಪ್ಪೇ ಇರಲ್ಲ, ಅದೇನೂ ಕೊರತೆ ಅಲ್ಲ.

ಪಾಪ ಉಸಿರು ಕಟ್ಟತ್ತೇನೋ ಅಂತ ಎಲ್ಲರೂ ಪಟ್ಟಿ ಸಡಿಲ ಬಿಡ್ತಾರೆ. ನಿಜವಾಗಿ ಸಡಿಲ ಇದ್ರೇನೇ ಮಗು ಕೆಳಕ್ಕೆ ಜಾರಿ ಗಲ್ಲ ಎದೆಗೆ ಬೀಳೋದು. ತಲೆ ಪಕ್ಕಕ್ಕೆ ವಾಲಿದ್ರೆ ಸಣ್ಣ ಬಟ್ಟೆ ಎರಡು ಸುತ್ತಿ ತಲೆಯ ಎರಡೂ ಪಕ್ಕ ಇಡಬಹುದು, ಕೆಳಗೆ ಜಾರ್ತಿದ್ರೆ ಡೈಪರಿಗೂ ತೊಡೆ ನಡುವಿನ ಪಟ್ಟಿಗೂ ಮಧ್ಯೆ ಒಂದು ಪುಟ್ಟ ಸುರುಳಿ, ಎರಡೂ ನಿಮ್ಮ ಸೀಟಿನ ಮ್ಯಾನುಯಲ್ ಬೇಡ ಅನ್ನದಿದ್ರೆ ಮಾತ್ರ. ಬೆನ್ನ ಹಿಂದೆ, ತಲೆ ಹಿಂದೆ, ಕುಂಡೆ ಕೆಳಗೆ ಏನೂ ಬೇಡ. ಸೀಟಿನ ಜೊತೆ ಬಂದ ನವಜಾತ ಕುಶನ್ ಹಾಕಿ, ಬೇರೆ ಕಡೆ ಕೊಂಡ ಮುದ್ದಾದ ತಲೆದಿಂಬು, ಪಟ್ಟಿ ಕವರ್ ಹಾಕಬೇಡಿ, ಅವು ಆ ಸೀಟಿನ ಜೊತೆ ಟೆಸ್ಟ್ ಆಗಿರಲ್ಲ.

ಮಗು ಬೇಗ ಹುಟ್ಟಿದ್ರೆ

37 ವಾರಕ್ಕೆ ಮುಂಚೆ ಹುಟ್ಟಿದ್ರೆ, ತೂಕ ತುಂಬಾ ಕಡಿಮೆ ಇದ್ರೆ, ಉಸಿರಿನ ತೊಂದ್ರೆ ಇದ್ರೆ ಡಾಕ್ಟರ ಹತ್ರ ಕಾರ್ ಸೀಟ್ ಟೆಸ್ಟ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ನಿಮ್ಮದೇ ಸೀಟಲ್ಲಿ ಮಗುವನ್ನ 90ರಿಂದ 120 ನಿಮಿಷ ಕೂರಿಸಿ ಎದೆಬಡಿತ, ಉಸಿರು, ಆಮ್ಲಜನಕ ಮಾನಿಟರಲ್ಲಿ ನೋಡ್ತಾರೆ, ಮನೆ ಅದಕ್ಕಿಂತ ದೂರ ಇದ್ರೆ ಅಷ್ಟು ಹೊತ್ತು. ಪಾಸಾಗದಿದ್ರೆ ಮಗು ಮಲಗೇ ಹೋಗೋ ಕಾರ್ ಬೆಡ್ ಅಂತ ಬೇರೆ ಇದೆ, ಇಲ್ಲಾ ಕೆಲವು ದಿನ ಬಿಟ್ಟು ಮತ್ತೆ ಟೆಸ್ಟ್ ಮಾಡ್ತಾರೆ. ಆದ್ರಿಂದ ಸೀಟನ್ನ ಮನೆಗೆ ಹೋಗೋ ಒಂದೆರಡು ದಿನ ಮುಂಚೆನೇ ವಾರ್ಡಿಗೆ ಕೊಂಡೊಯ್ಯಿರಿ.

ಹಂತ 6: ದಾರೀಲಿ

ಒಬ್ಬರು ದೊಡ್ಡೋರು ಹಿಂದೆ ಮಗು ಪಕ್ಕ ಕೂರಲಿ, ಬೆಲ್ಟ್ ಹಾಕ್ಕೊಂಡು. ಅವರ ಕೆಲಸ ಒಂದೇ: ಗಲ್ಲ ಎದೆಗೆ ಬಿದ್ದಿದ್ಯಾ, ಮುಖದ ಮೇಲೆ ಬಟ್ಟೆ ಬಂದಿದ್ಯಾ, ಬಣ್ಣ ಸರಿಯಿದ್ಯಾ ನೋಡೋದು. ಮೊಬೈಲ್ ಆಮೇಲೆ. ತಾಯಿ ಬೆಲ್ಟಿನ ಕೆಳಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ತಗ್ಗಿಸಿ ಹಾಕ್ಕೊಳ್ಳಲಿ. ಹೊಲಿಗೆ ನೋಯತ್ತೆ ಅಂತ ಬೆಲ್ಟ್ ಬಿಡೋ ಹಾಗಿಲ್ಲ. ಸಿಸೇರಿಯನ್ ಆಗಿದ್ರೆ ಕ್ಯಾರಿಯರ್ ಎತ್ತೋ ಕೆಲಸ ಬೇರೆಯವರದ್ದು, ಸೀಟೇ 3ರಿಂದ 5 ಕೆಜಿ, ಮಗು ಸೇರಿದ್ರೆ ಇನ್ನೂ ಭಾರ.

ಮಗು ಅತ್ರೆ? ಅಳತ್ತೆ. ಓಡೋ ಕಾರಲ್ಲಿ ಬಿಚ್ಚಿ ಎತ್ಕೊಳ್ಳಬೇಡಿ, ಹಾಲೂ ಕೊಡಬೇಡಿ, ಸೇಫಾದ ಜಾಗದಲ್ಲಿ ನಿಲ್ಸಿ, ಬೇಕಾದ್ದು ಮಾಡಿ, ಮತ್ತೆ ಕಟ್ಟಿ ಹೊರಡಿ. ಓಡಿಸ್ತಿರೋರು ಹಿಂದೆ ತಿರುಗೋದಂತೂ ಬೇಡವೇ ಬೇಡ. ಮೊದಮೊದಲ ವಾರಗಳಲ್ಲಿ ಒಂದು ಓಟ ಅರ್ಧ ಗಂಟೆಯೊಳಗೆ ಮುಗಿದ್ರೆ ಚೆಂದ, ದೂರ ಅನಿವಾರ್ಯ ಆದ್ರೆ ನಡುನಡುವೆ ನಿಲ್ಸಿ ಮಗುವನ್ನ ಹೊರತೆಗೆದು ಸಮತಟ್ಟಾಗಿ ಮಲಗಿಸಿ. ಏನೇ ಆದ್ರೂ ಒಂದೇ ಸಮನೆ 2 ಗಂಟೆ ದಾಟಬೇಡಿ. ಬಿಸಿಲಿಗೆ ಅಂತ ಸೀಟಿನ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಸೆಖೆ ಏರತ್ತೆ, ಕಿಟಕಿಗೆ ಪರದೆ ಹಾಕಿ. ಬಿಸಿಲಲ್ಲಿ ನಿಂತ ಕಾರಾದ್ರೆ ಬಕಲಿನ ಲೋಹ ಮುಟ್ಟಿ ನೋಡಿ ಆಮೇಲೆ ಕಟ್ಟಿ. ಒಂದು ನಿಮಿಷ ಔಷಧಿ ತಂದ್ಬಿಡ್ತೀನಿ ಅಂತ ಮಗುವನ್ನ ಒಂಟಿ ಬಿಡೋದೂ ಇಲ್ಲ, ಮುಚ್ಚಿದ ಕಾರು ಹತ್ತು ನಿಮಿಷದಲ್ಲೇ ಹತ್ತು ಡಿಗ್ರಿ ಏರಬಹುದು.

ಟ್ಯಾಕ್ಸೀಲಿ ಹೋಗೋದಾದ್ರೆ ಬೇಸ್ ಇಲ್ದೆ ಬರೀ ಕಾರಿನ ಬೆಲ್ಟಿಂದ ಕಟ್ಟೋಕೆ ಬರೋ ಕ್ಯಾರಿಯರ್ ಆರಿಸಿ, ಆ ಕಟ್ಟೋ ಕ್ರಮನೂ ರಿಹರ್ಸಲ್ ದಿನನೇ ಕಲೀರಿ. ಬುಕ್ ಮಾಡಿದ್ಮೇಲೆ ಡ್ರೈವರಿಗೆ ಫೋನಲ್ಲೇ ಹೇಳಿ, ಸೀಟ್ ಕಟ್ಟೋಕೆ ಐದು ನಿಮಿಷ ಬೇಕು ಅಂತ, ಹಿಂದೆ ಬೆಲ್ಟ್ ಬಕಲ್ ಮೇಲೇ ಇದ್ಯಾ ಅಂತನೂ ಕೇಳಿ, ಎಷ್ಟೋ ಗಾಡೀಲಿ ಅದು ಸೀಟ್ ಕವರ್ ಕೆಳಗೆ ಹೂತಿರತ್ತೆ.

ಮನೆ ಬಂದ್ಮೇಲೆ

ಮಲಗಿದ್ಯಲ್ಲಾ, ಎಬ್ಬಿಸೋದ್ಯಾಕೆ ಅಂತ ಸೀಟಲ್ಲೇ ಬಿಡೋ ಆಸೆ ಎಲ್ಲರಿಗೂ ಆಗತ್ತೆ. ಬಿಡಬೇಡಿ. ಕಾರಲ್ಲಿ ಬೇಸ್ ಮೇಲಿದ್ದಾಗ ಸರಿಯಿದ್ದ ಒರಗು ಮನೆ ನೆಲದ ಮೇಲೆ ಬದಲಾಗತ್ತೆ, ಜೊತೆಗೆ ಆರಾಮಾಗಿರಲಿ ಅಂತ ಪಟ್ಟಿ ಅರ್ಧ ಬಿಚ್ಚಿರ್ತೀವಿ, ಅದೇ ಅಪಾಯ. ತೆಗೆದು ಸಮತಟ್ಟಾದ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಎದ್ರೆ ಏಳಲಿ.

ಮುಂದಿನ ತಿಂಗಳುಗಳಲ್ಲಿ ಮಗು ಬೆಳೆದ ಹಾಗೆ ಪಟ್ಟಿ ಎತ್ತರ ಏರಿಸ್ತಾ ಹೋಗಿ, ಒಂದೆರಡು ವಾರಕ್ಕೊಮ್ಮೆ ನೋಡಿದ್ರೆ ಸಾಕು. ಕ್ಯಾರಿಯರ್ ಚಿಕ್ಕದಾಯ್ತು ಅನ್ನೋದು ಕಾಲು ಹೊರಗೆ ಬರೋದ್ರಿಂದ ಅಲ್ಲ, ಕಾಲು ಮಡಚ್ಕೊಂಡ್ರೆ ಏನೂ ಆಗಲ್ಲ. ತಲೆಯ ತುದಿಗೂ ಸೀಟಿನ ಮೇಲಂಚಿಗೂ 2.5 ಸೆಂಟಿಮೀಟರ್ ಉಳಿದಿಲ್ಲ ಅಂದಾಗ, ಇಲ್ಲಾ ಲೇಬಲ್ಲಿನ ತೂಕ, ಎತ್ತರ ದಾಟಿದಾಗ. ಕೆಲವು ಸೀಟಿನ ಮ್ಯಾನುಯಲ್ ಈ ಅಳತೆ ಬೇರೆ ಕೊಟ್ಟಿರತ್ತೆ, ಆಗ ಅದನ್ನೇ ನೋಡಿ. ಅಲ್ಲಿಂದ ಮುಂದಕ್ಕೂ ದೊಡ್ಡ ಸೀಟಲ್ಲಿ ಹಿಂಮುಖವಾಗೇ, ಆ ಸೀಟಿನ ಮಿತಿ ಮುಗಿಯೋ ತನಕ. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿ 2018ರಲ್ಲಿ ಎರಡು ವರ್ಷ ಅನ್ನೋ ವಯಸ್ಸಿನ ಗೆರೆ ತೆಗೆದು ಹಾಕಿ ಇದನ್ನೇ ಹೇಳಿದೆ.

ಹಾಲು ಕಕ್ಕಿ ಪಟ್ಟಿ ಗಲೀಜಾದ್ರೆ ಒದ್ದೆ ಬಟ್ಟೆ, ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ವಾಷಿಂಗ್ ಮೆಷೀನಿಗೆ ಹಾಕಬೇಡಿ, ಬ್ಲೀಚ್ ಬೇಡ, ಎಳೆ ಬಲ ಕಳ್ಕೊಳತ್ತೆ. ಜೋರಾಗಿ ಆಕ್ಸಿಡೆಂಟ್ ಆದ್ರೆ ಮಗು ಒಳಗೆ ಇರ್ಲಿ ಬಿಡ್ಲಿ ಸೀಟು ಬದಲಾಯಿಸಿ, ಸಣ್ಣ ತಾಗುವಿಕೆ ಆದ್ರೆ ಮ್ಯಾನುಯಲ್ ಏನು ಹೇಳತ್ತೆ ನೋಡಿ. ಹಳೇದನ್ನ ಕಸಕ್ಕೆ ಹಾಕೋ ಮುಂಚೆ ಪಟ್ಟಿ ಕತ್ತರಿಸಿ ಹಾಕಿ, ಯಾರಾದ್ರೂ ಎತ್ಕೊಂಡು ಹೋಗಿ ಇನ್ನೊಂದ್ ಮಗುವನ್ನ ಅದ್ರಲ್ಲಿ ಕೂರಿಸಬಾರದಲ್ಲ.